ಸ್ಪ್ಯಾನಿಷ್ ಬರದಿದ್ದರೂ ಲ್ಯಾಟಿನಾನೇ? ಮಗಳ ಗೆಳತಿಯ ಮನೆಯ ಬಗ್ಗೆ ಒಂದು ಪ್ರಶ್ನೆ

ಸುಮಾ_ಡ್ಯಾಲಸ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಬೇಜಾರು ಮಾಡ್ಕೋಬೇಡಿ.

ನಾವಿರುವುದು ಡ್ಯಾಲಸ್ ಹತ್ತಿರ. ಮಗಳ ಹತ್ತಿರದ ಗೆಳತಿ ಮೆಕ್ಸಿಕನ್ ಅಮೆರಿಕನ್ ಮನೆಯವಳು, ಇಲ್ಲಿ ಲ್ಯಾಟಿನಾ ಅನ್ನುತ್ತಾರಲ್ಲ, ಲ್ಯಾಟಿನ್ ಅಮೆರಿಕ ಮೂಲದವಳು. ಅವಳ ಅಜ್ಜ, ಅಜ್ಜಿ ಇಬ್ಬರೂ ಹುಟ್ಟಿದ್ದು ಟೆಕ್ಸಾಸ್‌ನಲ್ಲೇ, ಅಂದರೆ ಗಡಿ ದಾಟಿ ಬಂದ ಕತೆ ಆ ಮನೆಯಲ್ಲಿ ಬಹಳ ಹಳೆಯದು. ಈ ಬೇಸಿಗೆಯಲ್ಲಿ ಹುಡುಗಿಗೆ ಹದಿನೈದು ತುಂಬುತ್ತದೆ. ಆ ಹದಿನೈದರ ಸಮಾರಂಭ, ಕಿನ್ಸೆಆನ್ಯೆರಾ, ಜೋರಾಗಿ ಮಾಡುತ್ತಾರಂತೆ. ನನ್ನ ಮಗಳನ್ನು ದಾಮಾ, ಅಂದರೆ ಅವಳ ಜೊತೆ ನಿಲ್ಲುವ ಸಖಿ, ಆಗು ಎಂದು ಕೇಳಿದ್ದಾರೆ. ಅವಳು ಆಗಲೇ ಕುಣಿಯುತ್ತಿದ್ದಾಳೆ, ನನಗೆ ಮಾತ್ರ ತಲೆಬುಡ ಗೊತ್ತಿಲ್ಲ. ದಾಮಾ ಆದವಳು ಏನು ಮಾಡಬೇಕು, ಬಟ್ಟೆಯ ಖರ್ಚು ಯಾರದು, ಉಡುಗೊರೆ ಏನು ಕೊಡುವುದು, ಚರ್ಚಿನೊಳಗೆ ನಾವು ಹೇಗಿರಬೇಕು, ಗೊತ್ತಿದ್ದವರು ಹೇಳಿ.

ಆದರೆ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ ವಿಷಯ. ಮೊನ್ನೆ ಬಟ್ಟೆ ನೋಡಲು ಆ ಹುಡುಗಿಯ ಅಮ್ಮನ ಜೊತೆ ನಾನೂ ಹೋಗಿದ್ದೆ. ಅಂಗಡಿಯಾಕೆ ಅವರ ಮುಖ ನೋಡಿದ ಕೂಡಲೇ ಸ್ಪ್ಯಾನಿಷ್‌ನಲ್ಲಿ ಶುರು ಮಾಡಿದಳು. ಇವರು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟರು. ಆಕೆ ಪಕ್ಕದವಳಿಗೆ ಏನೋ ಹೇಳಿ ನಕ್ಕಳು. ಇವರಿಗೆ ಅಷ್ಟು ಅರ್ಥವಾಗುತ್ತದೆ, ಮಾತಾಡಲು ಮಾತ್ರ ಬರುವುದಿಲ್ಲ. ಕಾರಿನಲ್ಲಿ ಬರುವಾಗ "ಇದು ನನಗೆ ಚಿಕ್ಕಂದಿನಿಂದಲೂ ಇದ್ದದ್ದೇ" ಅಂದರು, ಅಷ್ಟೇ.

ನನಗೆ ಆಶ್ಚರ್ಯ ಯಾಕೆ ಅಂದರೆ ಆ ಮನೆಯಲ್ಲಿ ಉಳಿದದ್ದೆಲ್ಲ ಇದೆ. ಡಿಸೆಂಬರ್ ಬಂದರೆ ಮನೆಮಂದಿಯೆಲ್ಲ ಕೂತು ತಮಾಲೆ (ಜೋಳದ ಹಿಟ್ಟಿನ ಕಡುಬು) ಕಟ್ಟುತ್ತಾರೆ, ನವೆಂಬರ್‌ನಲ್ಲಿ ಸತ್ತ ಹಿರಿಯರ ಫೋಟೋ ಇಟ್ಟು ಚೆಂಡುಹೂ ಹಾಕುತ್ತಾರೆ, ಹಳೇ ಹಾಡುಗಳು ಅಮ್ಮನಿಗೆ ಬಾಯಿಪಾಠ. ಭಾಷೆ ಮಾತ್ರ ಎಲ್ಲಿ ಹೋಯಿತು? ನಮ್ಮ ಯಜಮಾನರು "ಮೂರು ತಲೆಮಾರಾದರೆ ಎಲ್ಲರದ್ದೂ ಅಷ್ಟೇ" ಅನ್ನುತ್ತಾರೆ. ಅಷ್ಟೇನಾ? ಆ ಹುಡುಗಿಯ ಅಮ್ಮನನ್ನೇ ಕೇಳಲು ಮನಸ್ಸಾಗಲಿಲ್ಲ.

---

ಹಳೇ_ಟೆಕ್ಸನ್

ಸುಮಾ ಅವರೇ, ಕೇಳದೇ ಇದ್ದದ್ದು ಒಳ್ಳೆಯದಾಯಿತು. ನಾನು ಸ್ಯಾನ್ ಆಂಟೋನಿಯೋದಲ್ಲಿ ಬಹಳ ವರ್ಷದಿಂದ ಇದ್ದೇನೆ. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಲ್ಯಾಟಿನೋಗಳೇ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಐವತ್ತು ದಾಟಿದ ಎಷ್ಟೋ ಜನರಿಗೆ ಸ್ಪ್ಯಾನಿಷ್ ಬರುವುದಿಲ್ಲ, ಅದೇ ಆಫೀಸಿನಲ್ಲಿ ನಿನ್ನೆ ಮೊನ್ನೆ ಮೆಕ್ಸಿಕೋದ ಮಾಂಟೆರೇಯಿಂದ ಬಂದ ಹುಡುಗರು ಇಡೀ ದಿನ ಸ್ಪ್ಯಾನಿಷ್ ಆಡುತ್ತಾರೆ. ಇಬ್ಬರೂ ಫಾರಂನಲ್ಲಿ ಒಂದೇ ಚೌಕಕ್ಕೆ ಟಿಕ್ ಹಾಕುವವರು.

"ತಲೆಮಾರು ಕಳೆದಂತೆ ತಾನಾಗಿ ಹೋಗುತ್ತದೆ" ಅನ್ನುವುದು ಅರ್ಧ ಸತ್ಯ. ಟೆಕ್ಸಾಸ್‌ನಲ್ಲಿ ಅದನ್ನು ಹೊಡೆದು ಓಡಿಸಿದರು. 1918ರಲ್ಲಿ ಇಲ್ಲಿ ಒಂದು ಕಾನೂನು ಬಂತು, ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡಿದರೆ ಮೇಷ್ಟ್ರಿಗೇ ಶಿಕ್ಷೆ. ಆಟದ ಮೈದಾನದಲ್ಲಿ ಮಕ್ಕಳು ಸ್ಪ್ಯಾನಿಷ್ ಆಡಿ ಸಿಕ್ಕಿಬಿದ್ದರೆ ಪೆಟ್ಟು, ದಂಡ, ಶಾಲೆ ಬಿಟ್ಟ ಮೇಲೂ ಕೂರಿಸುವುದು. ಪಶ್ಚಿಮ ಟೆಕ್ಸಾಸ್‌ನ ಮಾರ್ಫಾ ಊರಿನ ಬ್ಲ್ಯಾಕ್‌ವೆಲ್ ಶಾಲೆ ಮೆಕ್ಸಿಕನ್ ಅಮೆರಿಕನ್ ಮಕ್ಕಳಿಗಾಗಿಯೇ ಬೇರೆ ಮಾಡಿದ್ದ ಶಾಲೆ. 1954ರಲ್ಲಿ ಅಲ್ಲಿ ಮಕ್ಕಳ ಕೈಯಲ್ಲಿ ಚೀಟಿಗಳನ್ನು ಬರೆಸಿ, ಪೆಟ್ಟಿಗೆಗೆ ಹಾಕಿಸಿ, ಧ್ವಜಸ್ತಂಭದ ಹತ್ತಿರ ಗುಂಡಿ ತೋಡಿ "ಮಿಸ್ಟರ್ ಸ್ಪ್ಯಾನಿಷ್" ಅಂತ ಅಂತ್ಯಕ್ರಿಯೆ ಮಾಡಿಸಿದರು. ತಮಾಷೆಗಲ್ಲ, ನಿಜವಾಗಿ. ಆ ಕಟ್ಟಡ ಈಗ ರಾಷ್ಟ್ರೀಯ ಐತಿಹಾಸಿಕ ಸ್ಥಳ, ಅದರ ಕಾನೂನಿಗೆ ಸಹಿ ಬಿದ್ದದ್ದು 2022ರಲ್ಲಿ.

1968ರ ನವೆಂಬರ್‌ನಲ್ಲಿ ದಕ್ಷಿಣ ಟೆಕ್ಸಾಸ್‌ನ ಎಡ್‌ಕೌಚ್-ಎಲ್ಸಾ ಹೈಸ್ಕೂಲಿನ ಮಕ್ಕಳು ತರಗತಿ ಬಿಟ್ಟು ಹೊರಗೆ ಬಂದರಲ್ಲ, ಅವರ ಬೇಡಿಕೆಗಳಲ್ಲಿ ಒಂದು ಏನು ಗೊತ್ತೇ? ಶಾಲೆಯ ಆವರಣದಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಶಿಕ್ಷೆ ಕೊಡಬಾರದು ಅಂತ. ಅಂಥ ಶಾಲೆಗಳಲ್ಲಿ ಓದಿದವರು ಅಪ್ಪ ಅಮ್ಮ ಆದಾಗ ಏನು ಮಾಡುತ್ತಾರೆ? ನನ್ನ ಮಗುವಿಗೆ ಆ ಗತಿ ಬೇಡ ಎಂದು ಮನೆಯಲ್ಲೇ ಇಂಗ್ಲಿಷ್ ಶುರು ಮಾಡಿದರು. ಗಂಡ ಹೆಂಡತಿ ತಮ್ಮತಮ್ಮಲ್ಲಿ ಸ್ಪ್ಯಾನಿಷ್, ಮಕ್ಕಳ ಕಡೆ ತಿರುಗಿದರೆ ಇಂಗ್ಲಿಷ್. ನಿಮ್ಮ ಮಗಳ ಗೆಳತಿಯ ಅಮ್ಮನಿಗೆ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ ಅಂದಿರಲ್ಲ, ಬಹುಶಃ ಹೀಗೇ ಆಗಿದ್ದು. ಆ ಹುಡುಗಿಯ ಅಜ್ಜ ಅಜ್ಜಿಯ ವಯಸ್ಸು ಲೆಕ್ಕ ಹಾಕಿ, ಸರಿಹೊಂದುತ್ತದೆ.

ಸಿಟ್ಟು ಬರಿಸುವ ಸಂಗತಿ ಅಂದರೆ, ಈಗ ಅದೇ ಟೆಕ್ಸಾಸ್‌ನಲ್ಲಿ ಇಂಗ್ಲಿಷ್ ಮನೆಮಾತಿನವರು ಮಕ್ಕಳನ್ನು ದ್ವಿಭಾಷಾ ಶಾಲೆಗೆ ಸೇರಿಸಲು ಕ್ಯೂ ನಿಲ್ಲುತ್ತಾರೆ. ಅವರ ಮಗು ಎರಡು ವಾಕ್ಯ ಸ್ಪ್ಯಾನಿಷ್ ಹೇಳಿದರೆ ಚಪ್ಪಾಳೆ. ಇವರಿಗೆ ಬರಲಿಲ್ಲ ಅಂದರೆ ಅಂಗಡಿಯಲ್ಲಿ ನಗು.

ಸೆಲೆನಾ ಕೇಳಿದ್ದೀರಲ್ಲ, ಟೆಹಾನೋ (ಟೆಕ್ಸಾಸ್‌ನ ಮೆಕ್ಸಿಕನ್ ಸಂಗೀತ) ಹಾಡುಗಾರ್ತಿ? ಆಕೆಯ ಮನೆಮಾತು ಇಂಗ್ಲಿಷ್. ಸ್ಪ್ಯಾನಿಷ್ ಹಾಡುಗಳನ್ನು ಮೊದಮೊದಲು ಉಚ್ಚಾರಣೆ ಕೇಳಿ ಕಲಿತು ಹಾಡಿದವಳು. ಭಾಷೆ ಆಮೇಲೆ ಬಂತು. 1995ರಲ್ಲಿ ಸತ್ತಾಗ ಆಕೆಗೆ 23 ವರ್ಷ, ಇವತ್ತಿಗೂ ಇಲ್ಲಿ ಮನೆಮನೆಯಲ್ಲಿ ಅವಳ ಹಾಡು. ಅವಳು ಸಾಕಷ್ಟು ಮೆಕ್ಸಿಕನ್ ಅಲ್ಲ ಅಂತ ಸ್ಯಾನ್ ಆಂಟೋನಿಯೋದಲ್ಲಿ ಯಾರಾದರೂ ಹೇಳಲಿ ನೋಡೋಣ.

---

ಬ್ರಾಂಕ್ಸ್_ಬಸ್ಸು

ಟೆಕ್ಸಾಸ್ ಕತೆ ಒಪ್ಪಿದೆ. ಆದರೆ ಸುಮಾ ಅವರ ತಲೆಬರಹವೇ ನನಗೆ ಸ್ವಲ್ಪ ತೊಡಕು. ಲ್ಯಾಟಿನೋ ಅಂತ ಒಂದು ಜನಾಂಗ ಎಲ್ಲೋ ಇದೆ, ಅದಕ್ಕೆ ಒಂದು ಭಾಷೆಯ ಪರೀಕ್ಷೆ ಇದೆ ಅನ್ನುವ ಹಾಗೆ ಕೇಳಿದ್ದೀರಿ. ನ್ಯೂಯಾರ್ಕಿಗೆ ಬನ್ನಿ. ಪೋರ್ಟೊ ರಿಕೋದವರು 1917ರಿಂದ ಅಮೆರಿಕದ ನಾಗರಿಕರು, ಅವರಿಗೆ ವೀಸಾ, ಗ್ರೀನ್ ಕಾರ್ಡ್ ಯಾವುದೂ ಬೇಡ. ವಾಷಿಂಗ್ಟನ್ ಹೈಟ್ಸ್‌ನಲ್ಲಿ ಡೊಮಿನಿಕನ್ನರು. ಬ್ರಾಂಕ್ಸ್‌ನಲ್ಲಿ ಹೊಂಡುರಾಸ್‌ನಿಂದ ಬಂದ ಗರೀಫುನಾ ಜನ, ಕಪ್ಪು ಮೈಬಣ್ಣ, ತಮ್ಮದೇ ಬೇರೆ ಭಾಷೆ. ಇವರೆಲ್ಲ ಮನೆಯಲ್ಲಿ "ನಾವು ಲ್ಯಾಟಿನೋ" ಅಂತ ಹೇಳಿಕೊಂಡು ಓಡಾಡುವುದಿಲ್ಲ. ಡೊಮಿನಿಕನ್, ಬೋರಿಕ್ವಾ (ಪೋರ್ಟೊ ರಿಕೋದವರು), ಸಾಲ್ವಡೋರನ್ ಅಂತಲೇ ಹೇಳುವುದು. ಒಟ್ಟಿಗೆ ಸೇರಿಸಿ ಕರೆಯುವುದು ಮತ ಕೇಳುವವರು, ಟೀವಿ ಚಾನೆಲ್‌ಗಳು, ಜನಗಣತಿಯವರು.

"ನೀವು ಹಿಸ್ಪಾನಿಕ್ ಅಥವಾ ಲ್ಯಾಟಿನೋ ಮೂಲದವರಾ" ಅಂತ ದೇಶದ ಎಲ್ಲರನ್ನೂ ಕೇಳಲು ಶುರು ಮಾಡಿದ್ದು 1980ರ ಗಣತಿಯಿಂದ. 2020ರಲ್ಲಿ 6.21 ಕೋಟಿ ಜನ ಹೌದು ಅಂದರು. ಅದರ ಮುಂದಿನ ಪ್ರಶ್ನೆ "ನಿಮ್ಮ ಜನಾಂಗ ಯಾವುದು", ಬಿಳಿ, ಕಪ್ಪು, ಏಷ್ಯನ್ ಹೀಗೆ. ಅಲ್ಲಿ ಇವರಲ್ಲಿ ಐವರಲ್ಲಿ ಇಬ್ಬರಿಗೂ ಜಾಸ್ತಿ ಜನ "ಇತರೆ" ಅಂತ ಟಿಕ್ ಹಾಕಿ ಎದ್ದರು. ಪ್ರಶ್ನೆಯೇ ಅವರಿಗೆ ಹೊಂದುವುದಿಲ್ಲ ಅಲ್ವಾ? 2024ರಲ್ಲಿ ಸರ್ಕಾರ ಎರಡೂ ಪ್ರಶ್ನೆ ಸೇರಿಸಿ ಒಂದೇ ಮಾಡಲು ನಿಯಮ ಬದಲಿಸಿತು.

ಎರಡನೆಯದು, ಭಾಷೆ ಹೋದರೂ ಪರವಾಗಿಲ್ಲ ಅನ್ನುವ ಧಾಟಿ ನನಗೆ ಒಪ್ಪಿಗೆಯಿಲ್ಲ. ಪ್ಯೂ ಅನ್ನುವ ಸಮೀಕ್ಷೆ ಸಂಸ್ಥೆಯವರು ಇಲ್ಲಿಯ ಲ್ಯಾಟಿನೋಗಳನ್ನು 2022ರಲ್ಲಿ ಕೇಳಿದಾಗ ಶೇ 78 ಜನ "ಲ್ಯಾಟಿನೋ ಅನ್ನಿಸಿಕೊಳ್ಳಲು ಸ್ಪ್ಯಾನಿಷ್ ಬೇಕಿಲ್ಲ" ಅಂದರು, ಸರಿ. ಆದರೆ ಅದೇ ಜನರಲ್ಲಿ ಶೇ 85 ಮಂದಿ "ಮುಂದಿನ ತಲೆಮಾರಿಗೆ ಅದು ಬರುವುದು ಮುಖ್ಯ" ಅಂತಲೂ ಅಂದಿದ್ದಾರೆ. ಭಾಷೆ ಹೋದರೆ ಅಜ್ಜಿಯ ಜೊತೆ ಮಾತು ಹೋಯಿತು. ಬರೀ ಊಟ, ಹಬ್ಬ, ಹಾಡಿನಲ್ಲಿ ಎಷ್ಟು ದಿನ ಉಳಿಯುತ್ತದೆ? ನನಗೆ ಅನುಮಾನ.

---

ಹಳೇ_ಟೆಕ್ಸನ್

@ಬ್ರಾಂಕ್ಸ್_ಬಸ್ಸು ಪರವಾಗಿಲ್ಲ ಅಂತ ನಾನು ಹೇಳಲಿಲ್ಲ ಮಾರಾಯರೇ. ನಷ್ಟವೇ. ಆದರೆ ಕಳೆದುಕೊಂಡವರನ್ನೇ ಬೈಯುವುದು ಯಾವ ನ್ಯಾಯ? ಅದೇ ಸಮೀಕ್ಷೆಯಲ್ಲಿ ಸ್ಪ್ಯಾನಿಷ್ ಅಷ್ಟಾಗಿ ಬಾರದವರಲ್ಲಿ ಶೇ 54 ಮಂದಿ, ಬೇರೆ ಲ್ಯಾಟಿನೋಗಳೇ ನಮಗೆ ಅವಮಾನ ಮಾಡಿದ್ದಾರೆ ಅಂದಿದ್ದಾರೆ. ಅದನ್ನೂ ಹಾಕಿ. "ನೋ ಸಾಬೋ" ("ನನಗೆ ಗೊತ್ತಿಲ್ಲ" ಅನ್ನುವುದರ ತಪ್ಪು ಸ್ಪ್ಯಾನಿಷ್) ಅಂತ ಆ ಮಕ್ಕಳಿಗೆ ಹೆಸರೇ ಇಟ್ಟಿದ್ದಾರೆ. ಒಮ್ಮೆ ಬಾಯಿ ತೆರೆದು ನಗಿಸಿಕೊಂಡ ಹುಡುಗ ಮತ್ತೆ ತೆರೆಯುವುದಿಲ್ಲ, ಹಾಗೇ ಭಾಷೆ ಇನ್ನೂ ಬೇಗ ಹೋಗುತ್ತದೆ.

---

ಕಲ್ಪನಾ_ಆರ್‌ಎನ್

ನಾನು ಕ್ಯಾಲಿಫೋರ್ನಿಯಾದಲ್ಲಿ ನರ್ಸ್, ವೆಂಚುರಾ ಕೌಂಟಿ ಕಡೆ. ನನ್ನ ದಿನದ ಅರ್ಧ ಈ ವಿಷಯದಲ್ಲೇ ಹೋಗುತ್ತದೆ, ಹಾಗಾಗಿ ಇನ್ನೊಂದು ತುದಿಯಿಂದ ಹೇಳುತ್ತೇನೆ. ಸುಮಾ ಅವರು ಭಾಷೆ ಕಳೆದುಕೊಂಡ ಮನೆ ನೋಡಿದ್ದಾರೆ. ನಾನು ನೋಡುವುದು ಹತ್ತು ವರ್ಷದ ಮಗುವಿನ ಹೆಗಲ ಮೇಲೆ ಎರಡೂ ಭಾಷೆ ಬಿದ್ದಿರುವ ಮನೆ.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಬ್ಯಾಂಕಿನ ಕಾಗದ, ಶಾಲೆಯ ಪತ್ರ, ಮನೆ ಬಾಡಿಗೆಯವನ ಫೋನು, ಎಲ್ಲಕ್ಕೂ ದೊಡ್ಡ ಮಗಳು. ಡಾಕ್ಟರ್ ಹತ್ತಿರ ಬಂದರೆ ಅವಳೇ ಮುಂದೆ ಕೂರುತ್ತಾಳೆ. ಅಮ್ಮನ ಗರ್ಭಕೋಶದ ತೊಂದರೆಯನ್ನು ಆ ಮಗು ಬಾಯಿಬಿಟ್ಟು ಹೇಳಬೇಕು. ಗಡ್ಡೆ ಅನುಮಾನ ಅಂತ ಡಾಕ್ಟರ್ ಹೇಳಿದರೆ ಅಮ್ಮನಿಗೆ ಎಷ್ಟು ಹೇಳುವುದು, ಎಷ್ಟು ಮುಚ್ಚಿಡುವುದು ಅಂತ ಅದೇ ನಿರ್ಧಾರ ಮಾಡಬೇಕು. ಆಮೇಲೆ ಮನೆಗೆ ಹೋದರೆ "ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕಬೇಡ" ಅನ್ನಿಸಿಕೊಳ್ಳುವುದೂ ಅದೇ ಮಗು.

ಕಾನೂನು ಇದೆ. ಫೆಡರಲ್ ದುಡ್ಡು ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ದುಭಾಷಿಯನ್ನು ಪುಕ್ಕಟೆ ಒದಗಿಸಬೇಕು. ಪ್ರಾಣಕ್ಕೆ ಕುತ್ತು ಬಂದ ತುರ್ತು ಹೊತ್ತಿನಲ್ಲಿ ಬೇರೆ ಯಾರೂ ಸಿಗದಿದ್ದರೆ ಮಾತ್ರ ಮಕ್ಕಳ ಕೈಯಲ್ಲಿ ಹೇಳಿಸಬಹುದು. 2010ರ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್, ಅದರ ನಿಯಮ ಬಂದದ್ದು 2016ರಲ್ಲಿ. ನಾನು ಫೋನಿನ ದುಭಾಷಿಯನ್ನು ಕರೆಯುತ್ತೇನೆ ಅಂದರೆ ಎಷ್ಟೋ ಸಲ ಅಮ್ಮಂದಿರೇ ಬೇಡ ಅನ್ನುತ್ತಾರೆ. ಗುರುತಿಲ್ಲದವರ ಕಿವಿಗೆ ಯಾಕೆ, ನನ್ನ ಮಗಳು ಹೇಳುತ್ತಾಳಲ್ಲ ಅಂತ. ನಾನು ಬಿಡುವುದಿಲ್ಲ. ಮಗಳನ್ನು ಹೊರಗೆ ಕೂರಿಸಿ ಜ್ಯೂಸ್ ಕೊಡುತ್ತೇನೆ. ಕೆಲವು ಮಕ್ಕಳ ಮುಖದಲ್ಲಿ ಹಗುರಾಗುವುದು ಕಾಣುತ್ತದೆ, ಇನ್ನು ಕೆಲವಕ್ಕೆ ಸಿಟ್ಟು, ತನ್ನ ಕೆಲಸ ಕಿತ್ತುಕೊಂಡರು ಅಂತ. ಎರಡೂ ಸಹಜ.

ಇನ್ನು ಇಲ್ಲಿಯ ಸ್ಟ್ರಾಬೆರಿ ಹೊಲಗಳಲ್ಲಿ ದುಡಿಯುವವರಲ್ಲಿ ಎಷ್ಟೋ ಜನ ಮೆಕ್ಸಿಕೋದ ಒಹಾಕಾ, ಗೆರೆರೋ ರಾಜ್ಯಗಳ ಕಡೆಯ ಮಿಶ್ಟೆಕೋ ಮೂಲನಿವಾಸಿ ಮಂದಿ, ಅವರ ಭಾಷೆಯೂ ಮಿಶ್ಟೆಕೋ. ಸ್ಪ್ಯಾನಿಷ್ ಅವರಿಗೂ ಪರಭಾಷೆಯೇ. ಮೆಕ್ಸಿಕೋದಿಂದ ಬಂದವರು ಅಂತ ನೋಡಿ ಸ್ಪ್ಯಾನಿಷ್ ದುಭಾಷಿಯನ್ನು ಹಾಕಿದರೆ ತಲೆ ಅಲ್ಲಾಡಿಸುತ್ತಾರೆ, ಅರ್ಥವಾಗಿರುವುದಿಲ್ಲ. ಒಬ್ಬರು ಮಿಶ್ಟೆಕೋದಿಂದ ಸ್ಪ್ಯಾನಿಷ್‌ಗೆ, ಇನ್ನೊಬ್ಬರು ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ, ಹೀಗೆ ಎರಡು ಮೆಟ್ಟಿಲು ದಾಟಿ ಮಾತು ನನ್ನ ಹತ್ತಿರ ಬರುತ್ತದೆ. ಆಕ್ಸ್‌ನಾರ್ಡ್‌ನಲ್ಲಿ ಇವರದ್ದೇ ಸಂಘಟನೆ ಇದೆ, ದುಭಾಷಿಗಳಿಗೆ ತರಬೇತಿ ಕೊಡುತ್ತಾರೆ, ಅವರಿಲ್ಲದಿದ್ದರೆ ನಮಗೆ ಕಷ್ಟವಾಗುತ್ತಿತ್ತು. ಬೇರೆ ಮೆಕ್ಸಿಕನ್ ಮಕ್ಕಳೇ ಈ ಮಕ್ಕಳನ್ನು "ಒಹಾಕೀಟಾ" (ಒಹಾಕಾದ ಪುಟಾಣಿ) ಅಂತ ಹೀಯಾಳಿಸುತ್ತಿದ್ದರು. ಆಕ್ಸ್‌ನಾರ್ಡ್‌ನ ಒಂದು ಶಾಲಾ ಜಿಲ್ಲೆ 2012ರಲ್ಲಿ ಆ ಮಾತನ್ನೇ ನಿಷೇಧಿಸಿತು. ಭಾಷೆಯೇ ಗುರುತು ಅನ್ನುವ ಬ್ರಾಂಕ್ಸ್ ಅವರು ಇದಕ್ಕೆ ಏನಂತೀರಿ? ಈ ಮಂದಿಗೆ ಸ್ಪ್ಯಾನಿಷ್ ಕಲಿತದ್ದೇ ತಮ್ಮದನ್ನು ಬಿಡುವ ಮೊದಲ ಹೆಜ್ಜೆ.

ಹೆಸರಿನ ರಗಳೆ ಹೇಳದೆ ಮುಗಿಸಲಾರೆ. ಇವರಿಗೆ ಎರಡು ಮನೆಹೆಸರು, ಮೊದಲು ಅಪ್ಪನದ್ದು, ಆಮೇಲೆ ಅಮ್ಮನದ್ದು. ಗಾರ್ಸಿಯಾ ಲೋಪೆಸ್ ಅಂದರೆ ಅಪ್ಪನ ಕಡೆ ಗಾರ್ಸಿಯಾ. ನಮ್ಮ ಕಂಪ್ಯೂಟರ್ ಕೊನೆಯದನ್ನು ಹಿಡಿದು ಲೋಪೆಸ್ ಅನ್ನುತ್ತದೆ, ಶಾಲೆಯವರು ಗಾರ್ಸಿಯಾ ಅಂತ ಬರೆದಿರುತ್ತಾರೆ. ಮದುವೆಯಾದರೂ ಹೆಂಗಸರು ಹೆಸರು ಬದಲಿಸುವುದಿಲ್ಲ, ಹಾಗಾಗಿ ಅಮ್ಮನ ಹೆಸರು ಮಗುವಿನ ಹೆಸರಿಗೆ ತಾಳೆಯಾಗುವುದಿಲ್ಲ. ಒಂದೇ ಮಗುವಿಗೆ ಎರಡು ಫೈಲು, ಲಸಿಕೆಯ ಚೀಟಿ ಒಂದರಲ್ಲಿ, ಅಲರ್ಜಿಯ ವಿವರ ಇನ್ನೊಂದರಲ್ಲಿ. ಇದಕ್ಕೇ ಕೆಲವರು ನಡುವೆ ಅಡ್ಡಗೆರೆ ಹಾಕಿಕೊಳ್ಳುತ್ತಾರೆ, ಕೆಲವರು ಅಮ್ಮನ ಹೆಸರನ್ನೇ ಬಿಟ್ಟುಬಿಡುತ್ತಾರೆ. ಎರಡು ಸಂಸ್ಕೃತಿಯ ಬದುಕು ಅಂದರೆ ನನ್ನ ಕಣ್ಣಿಗೆ ಕಾಣುವುದು ಹಬ್ಬಕ್ಕಿಂತ ಜಾಸ್ತಿ ಇಂಥದ್ದೇ.

---

ಬ್ರಾಂಕ್ಸ್_ಬಸ್ಸು

ಮಿಶ್ಟೆಕೋ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪಿದೆ. ಆದರೂ ಅಜ್ಜಿಯ ಭಾಷೆ ಯಾವುದಿದೆಯೋ ಅದು ಉಳಿಯಬೇಕು ಅನ್ನುವುದರಲ್ಲಿ ನನ್ನ ಮಾತು ಬದಲಿಲ್ಲ. ಮಿಶ್ಟೆಕೋ ಆದರೆ ಮಿಶ್ಟೆಕೋ.

---

ರವಿ_ಎಲ್‌ಎ

ಎಲ್ಲ ದೊಡ್ಡ ದೊಡ್ಡ ವಿಷಯ ಆಯಿತು, ಪಾಪ ಸುಮಾ ಅವರು ಬಟ್ಟೆ ಖರ್ಚು ಯಾರದ್ದು ಅಂತ ಕೇಳಿದ್ದರು :)

ನನ್ನ ಹೆಂಡತಿ ಈಸ್ಟ್ ಲಾಸ್ ಏಂಜಲೀಸ್‌ನವಳು, ಅಪ್ಪ ಅಮ್ಮ ಮೆಕ್ಸಿಕೋದ ಹಾಲಿಸ್ಕೋ ಕಡೆಯವರು. ನಾದಿನಿ, ಅವಳ ಸೋದರ ಸಂಬಂಧಿಗಳು ಅಂತ ಈ ಸಮಾರಂಭಗಳನ್ನು ಬೇಕಾದಷ್ಟು ನೋಡಿದ್ದೇನೆ. ಮನೆಯಿಂದ ಮನೆಗೆ ಬದಲಾಗುತ್ತದೆ, ಆದರೂ ಹೇಳುತ್ತೇನೆ.

ಬೆಳಿಗ್ಗೆ ಅಥವಾ ಮಧ್ಯಾಹ್ನ ಚರ್ಚಿನಲ್ಲಿ ಮಿಸ್ಸಾ, ಅಂದರೆ ಪೂಜೆ. ನೀವು ಕ್ಯಾಥೊಲಿಕ್ ಅಲ್ಲ ಅಂದರೆ ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತರೆ ಸಾಕು. ಪ್ರಸಾದಕ್ಕೆ ಸಾಲು ಹೋಗುವಾಗ ಮಾತ್ರ ಜಾಗದಲ್ಲೇ ಇರಿ. ಸಂಜೆ ಹಾಲ್. ಹುಡುಗಿಯ ಜೊತೆ ಸಾಲಾಗಿ ಬರುವ ಹುಡುಗಿಯರು ದಾಮಾಗಳು, ಹುಡುಗರು ಚಾಂಬೆಲಾನ್‌ಗಳು. ಇವರೆಲ್ಲ ಸೇರಿ ಒಂದು ವಾಲ್ಟ್ಸ್ ಕುಣಿಯಬೇಕು, ಸಾಮಾನ್ಯವಾಗಿ ಅದರ ಹಿಂದೆಯೇ ಒಂದು ತಮಾಷೆಯ ಡ್ಯಾನ್ಸ್, ಈಗಿನ ಹಾಡಿಗೆ. ನಿಮ್ಮ ಮಗಳ ಮುಖ್ಯ ಕೆಲಸ ಪ್ರಾಕ್ಟೀಸಿಗೆ ತಪ್ಪಿಸಿಕೊಳ್ಳದೆ ಹೋಗುವುದು. ವಾರಾಂತ್ಯಗಳೆಲ್ಲ ಅದಕ್ಕೇ ಹೋಗುತ್ತವೆ, ಕಾರು ಓಡಿಸುವವರು ನೀವೇ, ಈಗಲೇ ತಯಾರಾಗಿ. ಅಪ್ಪ ಮಗಳ ಚಪ್ಪಟೆ ಚಪ್ಪಲಿ ಬಿಚ್ಚಿ ಹೀಲ್ಸ್ ತೊಡಿಸುವುದು, ಕೊನೆಯ ಗೊಂಬೆ ಕೊಡುವುದು, ಅಪ್ಪ ಮಗಳ ನೃತ್ಯ, ಇದೆಲ್ಲ ಇರುತ್ತದೆ. ಆ ಹೊತ್ತಿಗೆ ಎಂಥ ಗಟ್ಟಿ ಅಪ್ಪನೂ ಅಳುತ್ತಾನೆ, ನನ್ನ ಷಡ್ಡಕನನ್ನೇ ನೋಡಿದ್ದೇನೆ.

ಖರ್ಚು. ಇಲ್ಲಿ ಪದ್ರೀನೋ, ಮದ್ರೀನಾ (ಧರ್ಮಪಿತ, ಧರ್ಮಮಾತೆ) ಅಂತ ಇರುತ್ತಾರೆ. ಕೇಕು ಒಬ್ಬರದು, ಕಿರೀಟ ಒಬ್ಬರದು, ಫೋಟೋದವನ ದುಡ್ಡು ಇನ್ನೊಬ್ಬರದು, ಹೀಗೆ ನೆಂಟರು ಗೆಳೆಯರು ಹಂಚಿಕೊಳ್ಳುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರೂ ಹಾಕುವುದುಂಟು. ದಾಮಾ ಬಟ್ಟೆಯನ್ನು ಕೆಲವು ಮನೆಯವರು ಕೊಡಿಸುತ್ತಾರೆ, ಕೆಲವು ಕಡೆ ಹುಡುಗಿಯ ಅಪ್ಪ ಅಮ್ಮ ಹಾಕಬೇಕು. ನೇರವಾಗಿ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಉಡುಗೊರೆಗೆ ಕವರಿನಲ್ಲಿ ದುಡ್ಡು ನಡೆಯುತ್ತದೆ. ಮನೆಯವರು ಹತ್ತಿರದವರಾದ್ದರಿಂದ "ನಾವೂ ಏನಾದರೂ ಒಂದನ್ನು ಹೊತ್ತುಕೊಳ್ಳಬಹುದಾ" ಅಂತ ಕೇಳಿದರೆ ತುಂಬ ಖುಷಿಪಡುತ್ತಾರೆ. ಆದರೆ ಒಂದು ಎಚ್ಚರಿಕೆ, ಮದ್ರೀನಾ ಅಂತ ಒಪ್ಪಿಕೊಂಡರೆ ಅದು ಒಂದು ದಿನದ ನೆಂಟಸ್ತಿಕೆ ಅಲ್ಲ. ನಾಳೆ ಹುಡುಗಿ ಕಾಲೇಜಿಗೆ ಹೋದರೂ ಮದುವೆಯಾದರೂ ನಿಮಗೆ ಫೋನು ಬರುತ್ತದೆ.

ದೊಡ್ಡ ಮೊತ್ತ ಹೇಗೆ ಹೊಂದಿಸುತ್ತಾರೆ ಅಂದರೆ ತಾಂಡಾ. ನಮ್ಮ ಚೀಟಿ ಇದ್ದ ಹಾಗೆ, ಆದರೆ ಹರಾಜು, ಬಡ್ಡಿ ಇಲ್ಲ. ಹತ್ತು ಜನ ವಾರ ವಾರ ಇಷ್ಟು ಅಂತ ಹಾಕುವುದು, ಸರದಿಯ ಪ್ರಕಾರ ಒಬ್ಬೊಬ್ಬರಿಗೆ ಗಂಟು. ಕಾಗದ ಪತ್ರ ಏನೂ ಇಲ್ಲ, ನಂಬಿಕೆ. ಹೆಂಡತಿಯ ಕೆಲಸದ ಕಡೆ ಇಪ್ಪತ್ತೆರಡರ ಹುಡುಗಿ, ಸ್ಪ್ಯಾನಿಷ್ ಅಷ್ಟಕ್ಕಷ್ಟೇ, ತಾಂಡಾ ಮಾತ್ರ ಫೋನಿನ ಆಪ್‌ನಲ್ಲಿ ದುಡ್ಡು ಕಳಿಸಿಕೊಂಡು ನಡೆಸುತ್ತಾಳೆ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಅಸೆಟ್ ಫಂಡ್ ಅನ್ನುವ ಸಂಸ್ಥೆ ಇದನ್ನೇ ಬಡ್ಡಿಯಿಲ್ಲದ ಸಾಲ ಅಂತ ಕಾಗದದ ಮೇಲೆ ತಂದು, ಕಟ್ಟಿದ ಕಂತನ್ನು ಕ್ರೆಡಿಟ್ ಬ್ಯೂರೋಗೆ ತಿಳಿಸುತ್ತದೆ. ಬ್ಯಾಂಕು ಬಾಗಿಲು ತೆರೆಯದವರಿಗೆ ಕ್ರೆಡಿಟ್ ಸ್ಕೋರ್ ಆಯಿತು. ಬ್ರಾಂಕ್ಸ್ ಅವರು ಬರೀ ಊಟ, ಹಬ್ಬ, ಹಾಡು ಅಂದರಲ್ಲ, ಯಾರಿಗೆ ಯಾರು ದುಡ್ಡು ಕೊಡುತ್ತಾರೆ, ಯಾರ ಮನೆಯ ಖರ್ಚಿಗೆ ಯಾರು ಹೆಗಲು ಕೊಡುತ್ತಾರೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಇಂಗ್ಲಿಷ್‌ನಲ್ಲೂ ಚೆನ್ನಾಗಿಯೇ ನಡೆಯುತ್ತಿದೆ.

---

ಮೂಲಂಗಿ_ಹುಳಿ

ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ. ರಾತ್ರಿ ಎಂಟರ ಊಟ ಅಂದರೆ ಒಂಬತ್ತೂವರೆ. ಸಸ್ಯಾಹಾರಿಗಳಾದರೆ ಅನ್ನ ಮತ್ತು ಹುರುಳಿಕಾಯಿ ಬೀಜದ ಪಲ್ಯದಲ್ಲಿ ಕೊಬ್ಬು ಹಾಕಿದ್ದಾರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

---

ಸುಮಾ_ಡ್ಯಾಲಸ್

ಅಬ್ಬಾ, ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ಹಳೇ ಟೆಕ್ಸನ್ ಸರ್ ಹೇಳಿದ ಮೇಲೆ ಲೆಕ್ಕ ಹಾಕಿದೆ, ಅಜ್ಜಿ ಶಾಲೆಗೆ ಹೋದದ್ದು ಐವತ್ತರ ದಶಕದ ಕೊನೆಯಲ್ಲೇ ಇರಬೇಕು. ಅವರು ಮೊಮ್ಮಗಳ ಹತ್ತಿರ ಸ್ಪ್ಯಾನಿಷ್‌ನಲ್ಲಿ ಶುರು ಮಾಡಿ ನಡುವೆ ಇಂಗ್ಲಿಷ್‌ಗೆ ತಿರುಗುವುದನ್ನು ನೋಡಿದ್ದೇನೆ, ಅಭ್ಯಾಸಬಲ ಅಂದುಕೊಂಡಿದ್ದೆ.

ಕೇಕಿನ ಖರ್ಚು ನಾವು ಹೊರೋಣ ಅಂತ ಯಜಮಾನರು ಒಪ್ಪಿದರು. ಇನ್ನೊಂದೇ ಪ್ರಶ್ನೆ ರವಿ ಅವರೇ. ಮಾಂಟೆರೇಯಿಂದಲೂ ನೆಂಟರು ಬರುತ್ತಾರಂತೆ. ನಾನು ನಾಲ್ಕು ಮಾತು ಸ್ಪ್ಯಾನಿಷ್ ಕಲಿತು ಆಡಿದರೆ ಚೆನ್ನಾಗಿರುತ್ತದಾ, ಅಥವಾ ಹುಡುಗಿಯ ಅಮ್ಮನಿಗೆ ಚುಚ್ಚಿದ ಹಾಗೆ ಆಗುತ್ತದಾ?

---

ರವಿ_ಎಲ್‌ಎ

ಕಲಿಯಿರಿ. ಮಾಂಟೆರೇಯ ಹಿರಿಯರ ಹತ್ತಿರ ಆಡಿ, ತಪ್ಪಿದರೂ ಖುಷಿಪಡುತ್ತಾರೆ. ಹುಡುಗಿಯ ಅಮ್ಮನ ಜೊತೆ ಎಂದಿನ ಹಾಗೆ ಇಂಗ್ಲಿಷ್‌ನಲ್ಲೇ ಇರಿ. ಅವರ ಎದುರಿಗೇ ಯಾರಾದರೂ "ನೋಡು, ಭಾರತದವರಿಗೂ ನಿನಗಿಂತ ಚೆನ್ನಾಗಿ ಬರುತ್ತೆ" ಅಂತ ತಮಾಷೆ ಮಾಡಿಯೇ ಮಾಡುತ್ತಾರೆ, ಒಬ್ಬ ಮಾವ ಇದ್ದೇ ಇರುತ್ತಾನೆ. ಆಗ ನಗಬೇಡಿ, ಮಾತು ಬೇರೆ ಕಡೆ ತಿರುಗಿಸಿ.

ಕೇಕು ನಿಮ್ಮದು ಅಂದರೆ ಬೇಕರಿಗೆ ಈಗಲೇ ಹೇಳಿಡಿ, ಬೇಸಿಗೆಯ ಶನಿವಾರಗಳು ಬೇಗ ತುಂಬಿಹೋಗುತ್ತವೆ. ಮತ್ತೆ ಮಗಳಿಗೆ ಹೀಲ್ಸ್ ಹೊಸದಾದರೆ ಪ್ರಾಕ್ಟೀಸಿಗೂ ಅದನ್ನೇ ಹಾಕಿಸಿ ಕಳಿಸಿ.